ಬೇಸಿಗೆ ರಜೆಯಲ್ಲಿ ಸಂಶೋಧನೆ: ಕಲಾ ವಿಭಾಗದ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಪೂರ್ತಿ ಅಂಕಣವನ್ನು ಬಿ.ಎ. ವಿದ್ಯಾರ್ಥಿಗಳ ಬೇಸಿಗೆ ಸಂಶೋಧನೆಗೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬಸವನಬಾಗೇವಾಡಿ ತಾಲ್ಲೂಕಿನ ಒಂದು ತಾಂಡಾದವಳು. ವಿಜಯಪುರದ ವಸತಿನಿಲಯದಲ್ಲಿದ್ದು ಬಿ.ಎ. ನಾಲ್ಕನೆಯ ಸೆಮಿಸ್ಟರ್ ಓದುತ್ತಿದ್ದೇನೆ. ವಿಷಯ ಇತಿಹಾಸ ಮತ್ತು ಕನ್ನಡ. ನನ್ನ ಕೋಣೆಯ ಬಿ.ಎಸ್‌ಸಿ. ಗೆಳತಿಯರು ಬೇಸಿಗೆಯ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕುತ್ತಾರೆ. ನಮ್ಮಂಥವರಿಗೆ ಅಂಥದ್ದು ಇಲ್ಲವೆ? ಬೇಸಿಗೆಯಲ್ಲಿ ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ, ನಾನೂ ಜೊತೆಗೆ ಹೋಗುತ್ತೇನೆ. ಆ ಪಗಾರ ಬಿಟ್ಟು ಸಂಶೋಧನೆ ಮಾಡಲು ಆದೀತೆ?

ಉತ್ತರ: ನಿಮ್ಮ ಗೆಳತಿಯರು ಅರ್ಜಿ ಹಾಕುವುದು ಬಹುಶಃ ಬೆಂಗಳೂರು, ದೆಹಲಿ ಮತ್ತು ಪ್ರಯಾಗರಾಜದಲ್ಲಿರುವ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಬೇಸಿಗೆ ಫೆಲೋಶಿಪ್ಪಿಗೆ. ಅದು ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮೀಸಲಾದದ್ದು. ಇತಿಹಾಸ, ಸಾಹಿತ್ಯ, ಜಾನಪದ ಓದುವವರಿಗೆ ಅಷ್ಟು ದೊಡ್ಡದಾದ, ದೇಶಕ್ಕೆಲ್ಲ ಒಂದೇ ಆದ ಏರ್ಪಾಡು ನಮ್ಮಲ್ಲಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. 1969ರಲ್ಲಿ ಹುಟ್ಟಿದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಮತ್ತು 1972ರ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಎರಡೂ ಫೆಲೋಶಿಪ್ ಕೊಡುತ್ತವೆ, ಆದರೆ ಅವು ಮುಖ್ಯವಾಗಿ ಪಿಎಚ್.ಡಿ. ಮಟ್ಟದವರಿಗೆ ಮತ್ತು ಅದರಾಚೆಯವರಿಗೆ. ಹಿಂದುಳಿದ ಸಮುದಾಯಗಳ ಮಕ್ಕಳಿಗಾಗಿ ಇರುವ ರಾಷ್ಟ್ರೀಯ ಫೆಲೋಶಿಪ್ಪುಗಳೂ ಹಾಗೆಯೇ, ಎಂ.ಎ. ದಾಟಿದ ಮೇಲೆ ಸಿಗುವಂಥವು. ಬಿ.ಎ. ಓದುವ ಹುಡುಗಿಗೆ ಸಂಶೋಧನೆ ಎಂದರೇನು ಎಂದು ತೋರಿಸುವ ಮೊದಲ ಮೆಟ್ಟಿಲನ್ನು ಕಟ್ಟದೆ ಮೇಲಿನ ಮೆಟ್ಟಿಲುಗಳಲ್ಲಿ ಮೀಸಲಾತಿ ಇಟ್ಟು ಕೂತಿದ್ದೇವೆ ಎಂಬುದು ನನ್ನ ಬಹುದಿನದ ತಕರಾರು.

ಹಾಗೆಂದು ಬಾಗಿಲುಗಳೇ ಇಲ್ಲವೆಂದಲ್ಲ. ಗಾಂಧಿನಗರದ ಐ.ಐ.ಟಿ.ಯ ಬೇಸಿಗೆ ಸಂಶೋಧನಾ ಇಂಟರ್ನ್‌ಶಿಪ್ಪಿನಲ್ಲಿ ಮಾನವಿಕ ಮತ್ತು ಸಮಾಜ ವಿಜ್ಞಾನದ ವಿಷಯಗಳೂ ಇರುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ 2019ರಲ್ಲಿ ತೆರೆದ ಪತ್ರಾಗಾರವೊಂದಿದೆ. ಹೆಸರು ವಿಜ್ಞಾನದ್ದಾದರೂ ಅಲ್ಲಿ ನಡೆಯುವುದು ಹಳೆಯ ಕಾಗದ, ಫೋಟೊ, ಧ್ವನಿಮುದ್ರಣಗಳನ್ನು ಜೋಡಿಸಿ ವಿವರ ಬರೆಯುವ ಕೆಲಸ, ಅಂದರೆ ಇತಿಹಾಸದವರ ಕೆಲಸವೇ, ಮತ್ತು ಅದಕ್ಕೆ ಅವರು ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತಾರೆ. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವುಗಳಲ್ಲಿ ನಿಮ್ಮ ವಿಷಯದ ಅಧ್ಯಾಪಕರೊಬ್ಬರಿಗೆ ನೇರವಾಗಿ ಪತ್ರ ಬರೆದು ಕೇಳುವುದೂ ಒಂದು ಕ್ರಮವೇ. ಬೇಸಿಗೆಯ ಅವಕಾಶಗಳಿಗೆ ಅರ್ಜಿ ಹಾಕುವ ಕಾಲ ಬೇಸಿಗೆಯಲ್ಲ ಎಂಬುದನ್ನು ಮಾತ್ರ ನೆನಪಿಡಿ: ಹೆಚ್ಚಿನವು ನವೆಂಬರಿನಿಂದ ಮಾರ್ಚಿನೊಳಗೆ ಮುಗಿದುಹೋಗುತ್ತವೆ. ನಮ್ಮ ಸೆಮಿಸ್ಟರ್ ಪರೀಕ್ಷೆಗಳೋ ಮೇ, ಜೂನ್ ತಿಂಗಳಲ್ಲೇ ಬಂದು ಕೂಡುವುದುಂಟು. ಆದ್ದರಿಂದ ಅರ್ಜಿಯಲ್ಲೇ ‘ನನ್ನ ಪರೀಕ್ಷೆ ಇಂಥ ವಾರ ಮುಗಿಯುತ್ತದೆ, ಮರುವಾರದಿಂದ ಬರಬಲ್ಲೆ’ ಎಂದು ಬರೆದುಬಿಡಿ. ಆಯ್ಕೆಯಾದ ಮೇಲೆ ಹೇಳಿದರೆ ಅವರಿಗೂ ತೊಂದರೆ, ನಿಮಗೂ ಮುಜುಗರ.

ಇನ್ನು ಪಗಾರದ ಮಾತು. ಇದನ್ನು ನೀವು ಪತ್ರದ ಕೊನೆಯಲ್ಲಿ ಸಂಕೋಚದಿಂದ ಬರೆದಿದ್ದೀರಿ, ನಾನು ಅದನ್ನು ಮೊದಲು ಕೇಳಬೇಕಾದ ಪ್ರಶ್ನೆ ಎನ್ನುತ್ತೇನೆ. ಉಳ್ಳವರ ಮನೆಯ ಹುಡುಗ ಎರಡು ತಿಂಗಳು ಸಂಬಳವಿಲ್ಲದೆ ದೆಹಲಿಯಲ್ಲಿ ಕೂತು ಬರಬಲ್ಲ. ನೀತಿ ಆಯೋಗದ ಇಂಟರ್ನ್‌ಶಿಪ್ಪಿನಂಥ ಹೆಸರಾಂತ ಅವಕಾಶಗಳಲ್ಲೂ ಸಂಭಾವನೆ ಇರುವುದಿಲ್ಲ. ನಿಮ್ಮ ಮನೆಗೆ ಆ ಎರಡು ತಿಂಗಳ ಕೂಲಿ ಮುಂದಿನ ವರ್ಷದ ಅಕ್ಕಿ, ಜೋಳ. ಆದ್ದರಿಂದ ಅರ್ಜಿ ಹಾಕುವ ಮುನ್ನ ಒಂದು ಹಾಳೆಯಲ್ಲಿ ಎರಡು ಸಾಲು ಎಳೆದು, ಒಂದು ಕಡೆ ಗೋವಾದಲ್ಲಿ ದಿನಕ್ಕೆ ಎಷ್ಟು ಉಳಿಯುತ್ತದೆ ಎಂದೂ ಇನ್ನೊಂದು ಕಡೆ ಫೆಲೋಶಿಪ್ಪಿನವರು ಕೊಡುವುದರಲ್ಲಿ ಊಟ, ವಸತಿ, ರೈಲಿನ ಖರ್ಚು ಕಳೆದು ಎಷ್ಟು ಉಳಿಯುತ್ತದೆ ಎಂದೂ ಬರೆಯಿರಿ. ವಸತಿ ಅವರದೋ ನಮ್ಮದೋ, ಹಣ ತಿಂಗಳಿಗೊಮ್ಮೆ ಬರುತ್ತದೆಯೋ ಎಲ್ಲ ಮುಗಿದ ಮೇಲೆ ಬರುತ್ತದೆಯೋ ಎಂದು ಮೇಲ್ ಮಾಡಿ ಕೇಳಿ. ಕೊನೆಗೆ ಒಟ್ಟಾಗಿ ಕೊಡುವ ಹಣ ನಿಮ್ಮ ಉಪಯೋಗಕ್ಕೆ ಬಾರದು, ಏಕೆಂದರೆ ಮೊದಲ ತಿಂಗಳ ಮೆಸ್ ಬಿಲ್ಲು ಕಟ್ಟಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಎರಡೂ ಕೂಡದಿದ್ದರೆ ಗೋವಾಕ್ಕೆ ಹೋಗಿ, ನೋಟ್‌ಬುಕ್ ಒಂದನ್ನು ಜೊತೆಗೆ ಒಯ್ಯಿರಿ. ತಾಂಡಾದ ಮದುವೆಯಲ್ಲಿ ಮದುಮಗಳು ತವರು ಬಿಡುವಾಗ ಅಳುತ್ತ ಹೇಳುವ ಢಾವಲೋ ನಿಮ್ಮ ಅವ್ವನಿಗೆ ಬರುತ್ತಿರಬಹುದು, ಜೊತೆಗೆ ಕೆಲಸ ಮಾಡುವ ಬೇರೆ ತಾಂಡಾಗಳ ಹೆಣ್ಣುಮಕ್ಕಳಿಗೂ ಬರುತ್ತಿರಬಹುದು. ಲಂಬಾಣಿಗೆ ತನ್ನದೇ ಲಿಪಿ ಇಲ್ಲವಾದ್ದರಿಂದ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ: ಯಾರು ಹೇಳಿದರು, ಯಾವ ತಾಂಡಾ, ಯಾರಿಂದ ಕಲಿತರು, ಯಾವ ಸಾಲು ಒಬ್ಬೊಬ್ಬರಲ್ಲಿ ಬೇರೆಯಾಯಿತು. ಹೀಗೆ ವಿವರ ಸಹಿತ ಬರೆದ ಹತ್ತು ಹಾಡುಗಳಿದ್ದರೆ ಮುಂದಿನ ವರ್ಷದ ಅರ್ಜಿಯಲ್ಲಿ ನಿಮ್ಮ ಬಳಿ ಆಸಕ್ತಿ ಮಾತ್ರವಲ್ಲ, ಕೆಲಸವೂ ಇರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ‘ಪ್ರಾತಿನಿಧ್ಯ ಕಡಿಮೆ ಇರುವ’ ವಿದ್ಯಾರ್ಥಿಗಳಿಗೆ ಮಾನವಿಕ ವಿಷಯಗಳಲ್ಲಿ ಬೇಸಿಗೆ ಸಂಶೋಧನೆಗೆ ಹಣ ಕೊಡುವ ಕಾರ್ಯಕ್ರಮಗಳ ಬಗ್ಗೆ ಮೊಬೈಲಿನಲ್ಲಿ ಓದಿದೆ. ನಾನು ಪರಿಶಿಷ್ಟ ಜಾತಿಯವನು, ಚಿಕ್ಕೋಡಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಅರ್ಜಿ ಹಾಕಬಹುದೆ?

ಉತ್ತರ: ಇಲ್ಲ. ಅವುಗಳಲ್ಲಿ ಬಹುತೇಕ ಎಲ್ಲವೂ ಅಲ್ಲಿನ ಕಾಲೇಜುಗಳಲ್ಲಿ ಓದುತ್ತಿರುವವರಿಗೆ, ಕೆಲವು ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. 1988ರಲ್ಲಿ ಆರಂಭವಾದ ಮೆಲನ್ ಮೇಸ್ ಫೆಲೋಶಿಪ್ ಆಯ್ದ ಕಾಲೇಜುಗಳ ಒಳಗಿನಿಂದಲೇ ಆಯ್ಕೆ ಮಾಡುತ್ತದೆ; ದಕ್ಷಿಣ ಆಫ್ರಿಕದ ಕೆಲವು ವಿಶ್ವವಿದ್ಯಾಲಯಗಳೂ ಅದರಲ್ಲಿವೆ, ಭಾರತದ್ದು ಇಲ್ಲ. 1986ರಲ್ಲಿ ಚಾಲೆಂಜರ್ ನೌಕೆಯ ದುರಂತದಲ್ಲಿ ತೀರಿಕೊಂಡ ಗಗನಯಾತ್ರಿ ರೊನಾಲ್ಡ್ ಮೆಕ್ನೇರ್ ಹೆಸರಿನ ಕಾರ್ಯಕ್ರಮ ಅಲ್ಲಿನ ಕೇಂದ್ರ ಸರ್ಕಾರದ್ದು, ಬಡ ಕುಟುಂಬದ ಮತ್ತು ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುವ ಮಕ್ಕಳಿಗಾಗಿ ಇರುವಂಥದ್ದು. 1992ರಲ್ಲಿ ಸ್ಥಾಪನೆಯಾದ ಲೀಡರ್‌ಶಿಪ್ ಅಲಯನ್ಸ್ ಎಂಬ ವಿಶ್ವವಿದ್ಯಾಲಯಗಳ ಕೂಟ ಎಂಟರಿಂದ ಹತ್ತು ವಾರಗಳ ಬೇಸಿಗೆ ಸಂಶೋಧನೆ ನಡೆಸುತ್ತದೆ. ಅಲ್ಲಿ ‘ಪ್ರಾತಿನಿಧ್ಯ ಕಡಿಮೆ’ ಎಂಬ ಮಾತು ಮುಖ್ಯವಾಗಿ ಜನಾಂಗವನ್ನು ಕುರಿತದ್ದಾಗಿತ್ತು. 2023ರಲ್ಲಿ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಡೆದ ಮೇಲೆ ಇಂಥ ಅನೇಕ ಕಾರ್ಯಕ್ರಮಗಳು ತಮ್ಮ ಅರ್ಹತೆಯ ಮಾತುಗಳನ್ನೇ ಬದಲಿಸಿಕೊಂಡಿವೆ. ನಮ್ಮಲ್ಲಿ ಅದೇ ಮಾತಿಗೆ ಜಾತಿ, ಬುಡಕಟ್ಟು, ಹೆಣ್ಣುತನ, ಊರು, ಓದಿದ ಮಾಧ್ಯಮ ಇವೆಲ್ಲ ಸೇರುತ್ತವೆ.

ಅರ್ಜಿ ಹಾಕಲಾಗದಿದ್ದರೂ ಅವುಗಳ ರಚನೆಯನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು. ಒಬ್ಬ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕ, ಕೈಗೆ ಸಂಭಾವನೆ, ಕೊನೆಗೆ ನಾಲ್ಕು ಜನರ ಮುಂದೆ ನಿಂತು ಮಾಡಿದ್ದನ್ನು ಹೇಳುವ ಸಭೆ. ನಿಮಗೆ ಯಾರಾದರೂ ‘ಬೇಸಿಗೆ ಸಂಶೋಧನೆ’ ಎಂದು ಕರೆದರೆ ಈ ಮೂರರಲ್ಲಿ ಎಷ್ಟು ಇವೆ ಎಂದು ಎಣಿಸಿ.

ಪ್ರಶ್ನೆ: ಗುಳೇದಗುಡ್ಡದ ನೇಕಾರರ ಮನೆಯವನು. ಸಂಶೋಧನಾ ಇಂಟರ್ನ್‌ಶಿಪ್ಪಿಗೆ ‘ಉದ್ದೇಶ ಪತ್ರ’ ಬರೆಯಲು ಹೇಳಿದ್ದಾರೆ. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ. ಕರಡನ್ನು ಕಳಿಸಿದ್ದೇನೆ, ತಿದ್ದಿಕೊಡಿ.

ಉತ್ತರ: ನಿಮ್ಮ ಕರಡಿನ ಮೊದಲ ವಾಕ್ಯ ಹೀಗಿದೆ: ‘ನನಗೆ ಬಾಲ್ಯದಿಂದಲೂ ಸಂಶೋಧನೆಯಲ್ಲಿ ಅಪಾರ ಆಸಕ್ತಿಯಿದ್ದು, ಕರ್ನಾಟಕದ ನೇಕಾರಿಕೆಯ ಭವ್ಯ ಪರಂಪರೆಯನ್ನು ಜಗತ್ತಿಗೆ ತಿಳಿಸುವುದು ನನ್ನ ಗುರಿಯಾಗಿದೆ.’ ಇದನ್ನು ಪೂರ್ತಿ ಹೊಡೆದುಹಾಕಿ. ಬಾಲ್ಯದಲ್ಲಿ ಯಾರಿಗೂ ಸಂಶೋಧನೆಯಲ್ಲಿ ಆಸಕ್ತಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕರ್ನಾಟಕದ ನೇಕಾರಿಕೆಯ ಪರಂಪರೆ ಎಂಟು ವಾರಗಳಲ್ಲಿ ಮುಗಿಯುವ ಕೆಲಸವೂ ಅಲ್ಲ. ಆದರೆ ನಿಮ್ಮ ಎರಡನೆಯ ಪುಟದ ಕೆಳಗೆ, ಬಹುಶಃ ಜಾಗ ತುಂಬಿಸಲೆಂದು, ‘ನಮ್ಮಜ್ಜ ಹೇಳುವ ಕೆಲವು ಶಬ್ದ ನಮ್ಮಪ್ಪನಿಗೇ ತಿಳಿಯುವುದಿಲ್ಲ’ ಎಂದು ಬರೆದಿದ್ದೀರಲ್ಲ, ಪತ್ರ ಶುರುವಾಗಬೇಕಾದದ್ದು ಅಲ್ಲಿಂದ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ನನ್ನ ಅಜ್ಜ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದರು. ನನ್ನ ತಂದೆ ಪವರ್‌ಲೂಮಿನಲ್ಲಿ ಕೂಲಿಗೆ ನೇಯುತ್ತಾರೆ. ನಾನು ನೇಯುವುದಿಲ್ಲ. ಲಾಳಿ, ಹಣಿಗೆ, ಹಾಸು, ಹೊಕ್ಕು ಎಂಬಷ್ಟು ನನಗೂ ಗೊತ್ತು. ಆದರೆ ನೂಲು ಹರಿದಾಗ, ಗಂಟುಬಿದ್ದಾಗ, ಬಣ್ಣ ಏರುಪೇರಾದಾಗ ಅಜ್ಜ ಬಳಸುವ ಮಾತುಗಳು ತಂದೆಯ ಬಾಯಲ್ಲಿ ಅರ್ಧವೂ ಇಲ್ಲ. ನಮ್ಮ ಓಣಿಯ ಎಂಟು ಮನೆಗಳಲ್ಲಿ ಮೂರು ತಲೆಮಾರಿನವರನ್ನು ಕೇಳಿ, ಯಾವ ಮಾತು ಯಾರಲ್ಲಿ ಉಳಿದಿದೆ, ಯಾವುದು ಯಂತ್ರ ಬಂದ ಮೇಲೆ ಬಿದ್ದುಹೋಯಿತು, ಯಾವುದಕ್ಕೆ ಬದಲು ಇಂಗ್ಲಿಷ್ ಮಾತು ಬಂತು ಎಂದು ಪಟ್ಟಿ ಮಾಡಬೇಕೆಂದಿದ್ದೇನೆ.’

ಇಷ್ಟು ಓದಿದವರಿಗೆ ನೀವು ಯಾರು, ನಿಮ್ಮ ಪ್ರಶ್ನೆ ಏನು, ಅದು ಎಂಟು ವಾರದಲ್ಲಿ ಮುಗಿಯುತ್ತದೆಯೇ, ಆ ಕೆಲಸಕ್ಕೆ ನೀವೇ ಏಕೆ ತಕ್ಕವರು ಎಂಬ ನಾಲ್ಕಕ್ಕೂ ಉತ್ತರ ಸಿಕ್ಕಿತು. ಆಯ್ಕೆ ಮಾಡುವವರು ಬೆಂಗಳೂರಿನವರಿರಲಿ, ಗುಜರಾತಿನವರಿರಲಿ, ಆ ಎಂಟು ಮನೆಗಳ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಮಾತಾಡಿಸುವುದು ಅವರಿಂದಾಗದು, ನಿಮ್ಮಿಂದಾಗುತ್ತದೆ. ಇದಕ್ಕೆ ಒಂದು ಪ್ಯಾರಾ ಸೇರಿಸಿ: ಯಾವ ಪುಸ್ತಕ ಓದಿದ್ದೀರಿ, ಏನು ಬರುವುದಿಲ್ಲ, ಏನು ಕಲಿಯಲು ಅಲ್ಲಿಗೆ ಬರುತ್ತೀರಿ. ‘ಸಂದರ್ಶನವನ್ನು ಅಕ್ಷರಕ್ಕಿಳಿಸುವ ಕ್ರಮ ನನಗೆ ಗೊತ್ತಿಲ್ಲ, ಅದನ್ನು ಕಲಿಯಬೇಕು’ ಎಂದು ಬರೆಯುವುದರಿಂದ ಅರ್ಜಿಯ ತೂಕ ಇಳಿಯುವುದಿಲ್ಲ.

ಇಂಗ್ಲಿಷಿನ ವಿಷಯ. ಹಂಪಿಯ ವಿಶ್ವವಿದ್ಯಾಲಯಕ್ಕೋ ಧಾರವಾಡಕ್ಕೋ ಬರೆಯುವುದಾದರೆ ಕನ್ನಡದಲ್ಲೇ ಬರೆಯಿರಿ. ಹೊರಗಿನ ಸಂಸ್ಥೆಗಾದರೆ ಮೊದಲು ಕನ್ನಡದಲ್ಲಿ ಮುಗಿಸಿ, ಆಮೇಲೆ ನಿಮ್ಮ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರೊಂದಿಗೆ ಒಂದು ಮಧ್ಯಾಹ್ನ ಕೂತು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ಮೊಬೈಲಿನ ಯಂತ್ರ ಬರೆದುಕೊಟ್ಟ ನುಣುಪಾದ ಇಂಗ್ಲಿಷನ್ನು ಹಾಗೆಯೇ ಅಂಟಿಸಬೇಡಿ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ, ಅಲ್ಲದೆ ಅದು ನಿಮ್ಮ ಅಜ್ಜನ ಮಗ್ಗವನ್ನೂ ‘ಭವ್ಯ ಪರಂಪರೆ’ಯನ್ನಾಗಿ ಮಾಡಿಬಿಡುತ್ತದೆ. ಶಿಫಾರಸು ಪತ್ರವನ್ನು ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಕೇಳಿ. ಕೇಳುವಾಗ ನಿಮ್ಮ ಅಂಕಪಟ್ಟಿ ಮತ್ತು ಈ ಉದ್ದೇಶ ಪತ್ರವನ್ನು ಜೊತೆಗೆ ಕೊಡಿ, ಇಲ್ಲವಾದರೆ ಅಧ್ಯಾಪಕರು ‘ಈತ ವಿಧೇಯ ವಿದ್ಯಾರ್ಥಿ’ ಎಂದಷ್ಟೇ ಬರೆಯುತ್ತಾರೆ. ನಾನೂ ಎಷ್ಟೋ ಜನರಿಗೆ ಹಾಗೆ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಮಗಳನ್ನು ಎರಡು ತಿಂಗಳು ಬೆಂಗಳೂರಿಗೆ ಸಂಶೋಧನೆಗೆ ಕಳಿಸಬೇಕಂತೆ. ಹೆಣ್ಣುಮಗಳು, ಹೆದರಿಕೆಯಾಗುತ್ತದೆ. ಇದರಿಂದ ನೌಕರಿ ಸಿಗುತ್ತದೆಯೆ? — ಅಥಣಿಯ ಒಬ್ಬ ತಂದೆ

ಉತ್ತರ: ಇದರಿಂದ ನೇರವಾಗಿ ನೌಕರಿ ಸಿಗುವುದಿಲ್ಲ. ಎಂ.ಎ. ಪ್ರವೇಶಕ್ಕೆ, ಮುಂದೆ ಪಿಎಚ್.ಡಿ.ಗೆ ದಾರಿ ಸಲೀಸಾಗುತ್ತದೆ, ಯು.ಜಿ.ಸಿ. ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪಿಎಚ್.ಡಿ. ಮಾಡುವವರಿಗೆ ಕೊಡುವ ಜೆ.ಆರ್.ಎಫ್. ಎಂಬ ಕಿರಿಯ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಬರುತ್ತಿದೆ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ನಿಮ್ಮ ಹೆದರಿಕೆಯನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಅದನ್ನು ಪ್ರಶ್ನೆಗಳಾಗಿ ಬದಲಿಸಿ ಆ ಸಂಸ್ಥೆಗೇ ಕಳಿಸಿ: ವಸತಿನಿಲಯ ಆವರಣದ ಒಳಗಿದೆಯೆ, ಮಾರ್ಗದರ್ಶಕರು ಯಾರು, ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಇರಬೇಕಾದ ಆಂತರಿಕ ದೂರು ಸಮಿತಿಯ ಅಧ್ಯಕ್ಷರು ಯಾರು. ಉತ್ತರ ಕೊಡದ ಸಂಸ್ಥೆಗೆ ಕಳಿಸಬೇಡಿ. ಕೊಟ್ಟರೆ ಮಗಳ ಜೊತೆ ನೀವೇ ಒಮ್ಮೆ ಹೋಗಿ ನೋಡಿಬನ್ನಿ. ಅಷ್ಟು ದೂರ ಬೇಡವೇ ಬೇಡವೆಂದರೆ ಧಾರವಾಡ ಇದೆ. 1939ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆ ಅಲ್ಲಿದೆ. 2023ರ ಜೂನ್ ತಿಂಗಳಿಂದ ನಮ್ಮ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಓಡಾಡಬಹುದಾದ್ದರಿಂದ ಹೋಗಿಬರುವ ಖರ್ಚು ಒಂದು ನೆಪವಾಗಿ ಉಳಿದಿಲ್ಲ.

ಪ್ರಶ್ನೆ: ಜಮಖಂಡಿ ಕಡೆಯ ಪದವಿ ಕಾಲೇಜಿನಲ್ಲಿ ಉಪನ್ಯಾಸಕ. ನಾಲ್ಕು ವರ್ಷದ ಪದವಿ ಹೋಯಿತು, ಅದರೊಂದಿಗೆ ಸಂಶೋಧನೆಯ ವರ್ಷವೂ ಹೋಯಿತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಮೊದಲ ಪದವೀಧರರು, ಹೊರಗೆ ಹೋಗಲಾರರು. ಕಾಲೇಜೇ ಏನಾದರೂ ಮಾಡಬಹುದೆ?

ಉತ್ತರ: ಮಾಡಬಹುದು, ಮತ್ತು ನನ್ನ ಅಭಿಪ್ರಾಯದಲ್ಲಿ ಹೊರಗಿನ ಫೆಲೋಶಿಪ್ಪಿಗಿಂತ ಇದೇ ಹೆಚ್ಚು ಜನರಿಗೆ ಮುಟ್ಟುವಂಥದ್ದು. ನಮ್ಮ ರಾಜ್ಯ 2024-25ರಿಂದ ಮೂರು ವರ್ಷದ ಪದವಿಗೆ ಮರಳಿತೆಂಬುದು ನಿಜ. ಆದರೆ ಮೂವತ್ತು ಗಂಟೆಯ ಕೆಲಸಕ್ಕೆ ಒಂದು ಕ್ರೆಡಿಟ್ ಎಂಬ ಯು.ಜಿ.ಸಿ.ಯ ಇಂಟರ್ನ್‌ಶಿಪ್ ಲೆಕ್ಕವನ್ನು ಅಳತೆಗೋಲಾಗಿ ಇಟ್ಟುಕೊಂಡು 120 ಗಂಟೆಯ ಒಂದು ಬೇಸಿಗೆ ಕೆಲಸ ರೂಪಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂಜಾನೆ ಏಳರಿಂದ ಹನ್ನೊಂದರವರೆಗೆ ಮೂವತ್ತು ದಿನ. ನಮ್ಮ ಬಿಸಿಲಿಗೆ ಆಮೇಲೆ ಯಾರೂ ಹೊರಗೆ ಕಾಲಿಡಲಾರರು, ದುಡಿಯುವ ಮಕ್ಕಳಿಗೆ ಅರ್ಧ ದಿನ ಉಳಿಯುತ್ತದೆ ಕೂಡ.

ಸಾಮಗ್ರಿಯ ಕೊರತೆಯಂತೂ ಇಲ್ಲ. ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳು ಪೂರ್ತಿ ಬಾಂಬೆ-ಕರ್ನಾಟಕದ ಶಾಸನಗಳು, ಅಂದರೆ ನಮ್ಮವೇ ಊರುಗಳು. ಪಾಠ ಕನ್ನಡ ಲಿಪಿಯಲ್ಲಿದೆ. ಒಬ್ಬೊಬ್ಬ ವಿದ್ಯಾರ್ಥಿ ತನ್ನ ಊರಿನ ಅಥವಾ ಪಕ್ಕದ ಊರಿನ ಒಂದು ಶಾಸನವನ್ನು ಸಂಪುಟದಲ್ಲಿ ಹುಡುಕಿ, ಆ ಕಲ್ಲು ಈಗ ಎಲ್ಲಿದೆ, ಗುಡಿಯ ಗೋಡೆಯಲ್ಲೋ, ಅಗಸಿಯ ಬಳಿಯೋ, ಸುಣ್ಣ ಬಳಿದಿದೆಯೋ ಎಂದು ನೋಡಿ ಬರೆಯಲಿ. 1884ರಲ್ಲಿ ಅಚ್ಚಾದ ಬೆಳಗಾವಿ, ಬಿಜಾಪುರ ಗ್ಯಾಸೆಟಿಯರುಗಳಲ್ಲಿ ತಮ್ಮ ಊರಿನ ಬಗ್ಗೆ ಬರೆದದ್ದನ್ನು ಇಂದಿನ ಊರಿನೊಂದಿಗೆ ಇಟ್ಟು ನೋಡಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದಾಗ ನವನಗರಕ್ಕೆ ಬಂದವರಲ್ಲಿ ಹಿರಿಯರು ಇನ್ನೂ ಇದ್ದಾರೆ. ಓಣಿಯ ನಕಾಶೆಯನ್ನು ಅವರ ನೆನಪಿನಿಂದಲೇ ಬರೆಸಿಕೊಳ್ಳಬಹುದು, ಆ ಕೆಲಸ ಹತ್ತು ವರ್ಷ ತಡೆಯಲಾರದು. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರ ಹೆಸರಿನ ಸಂಶೋಧನಾ ಕೇಂದ್ರವಿದೆ, ಅಲ್ಲಿಗೆ ಒಂದು ದಿನ ಕರೆದೊಯ್ಯಿರಿ. ವಕೀಲಿ ಮಾಡಿಕೊಂಡಿದ್ದ ಆ ಮನುಷ್ಯ ಮನೆ ಮನೆ ತಿರುಗಿ ಓಲೆಗರಿ ಕೂಡಿಸಿ 1923ರಲ್ಲಿ ವಚನಗಳ ಮೊದಲ ಸಂಪುಟ ತಂದರು, ಮುಂದೆ ಮುದ್ರಣಾಲಯವನ್ನೂ ತಾವೇ ಹಾಕಿದರು ಎಂಬುದು ಫೆಲೋಶಿಪ್ ಕಾಣದ ಊರಿನ ಮಕ್ಕಳಿಗೆ ಗೊತ್ತಿರಬೇಕು.

ಎರಡು ಎಚ್ಚರಿಕೆ. ನಿಮ್ಮ ಪಟ್ಟಿಯಲ್ಲಿ ‘ಮಾಜಿ ದೇವದಾಸಿಯರ ಸಂದರ್ಶನ’ ಎಂದಿದೆ. ದಯವಿಟ್ಟು ಅದನ್ನು ತೆಗೆಯಿರಿ. ನಾಲ್ಕು ವಾರದ ತರಬೇತಿಯ ಹತ್ತೊಂಬತ್ತರ ಹುಡುಗರು ಆ ತಾಯಂದಿರ ಮನೆ ಬಾಗಿಲಿಗೆ ಪ್ರಶ್ನಾವಳಿ ಹಿಡಿದು ಹೋಗುವುದು ಕಲಿಕೆಯೂ ಅಲ್ಲ, ಸೌಜನ್ಯವೂ ಅಲ್ಲ. ಅವರನ್ನು ಈಗಾಗಲೇ ಬೇಕಾದಷ್ಟು ಜನ ಕೇಳಿ ಹೋಗಿದ್ದಾರೆ. ಉಳಿದ ಸಂದರ್ಶನಗಳಿಗೂ, ಧ್ವನಿ ಮುದ್ರಿಸುವ ಮೊದಲು, ಯಾತಕ್ಕೆ, ಎಲ್ಲಿ ಇಡುತ್ತೇವೆ, ಬೇಡವೆಂದರೆ ಅಳಿಸುತ್ತೇವೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು.

ಎರಡನೆಯದು ಹೆಸರಿನ ವಿಷಯ. ನಾನು ಬಿ.ಎ. ಓದುವಾಗ ಒಂದಿಡೀ ಬೇಸಿಗೆ ಒಬ್ಬ ದೊಡ್ಡ ವಿದ್ವಾಂಸರಿಗಾಗಿ ಸೈಕಲ್ ಮೇಲೆ ಹದಿನೇಳು ಹಳ್ಳಿ ತಿರುಗಿ ಶಾಸನಗಳ ಪ್ರತಿ ತೆಗೆದಿದ್ದೆ. ಪುಸ್ತಕ ಬಂದಾಗ ಮುನ್ನುಡಿಯಲ್ಲಿ ‘ಶಿಷ್ಯರು ನೆರವಾದರು’ ಎಂದಿತ್ತು. ಆ ಬಹುವಚನದಲ್ಲಿ ನಾನು ಎಲ್ಲಿದ್ದೇನೆಂದು ಇಂದಿಗೂ ಹುಡುಕುತ್ತೇನೆ. ನಿಮ್ಮ ವಿದ್ಯಾರ್ಥಿಗಳು ಬರೆದ ಪ್ರತಿಯೊಂದು ಹಾಳೆಯ ಮೇಲೂ ಅವರ ಹೆಸರು, ಊರು, ತಾರೀಖು ಇರಲಿ, ಮುಂದೆ ನೀವು ಅದರಿಂದ ಲೇಖನ ಬರೆದರೆ ಆ ಹೆಸರು ಅಡಿಟಿಪ್ಪಣಿಯಲ್ಲಿ ಅಲ್ಲ, ಲೇಖಕರ ಸಾಲಿನಲ್ಲಿ ಬರಲಿ. ಹಣದ ಬಗ್ಗೆ ಹೇಳುವುದಾದರೆ, ಹಳೆಯ ವಿದ್ಯಾರ್ಥಿಗಳ ಸಂಘವನ್ನು ಕೇಳಿ, ಹತ್ತು ಮಕ್ಕಳಿಗೆ ದಿನದ ಊಟ ಮತ್ತು ಬಸ್ಸಿನ ಖರ್ಚಾದರೂ ಕೊಡಿಸಿ.

ಪ್ರಶ್ನೆ: ಬೇಸಿಗೆ ಸಂಶೋಧನಾ ಇಂಟರ್ನ್‌ಶಿಪ್ಪಿಗೆ ಆಯ್ಕೆಯಾಗಿದ್ದೀರಿ, 2,000 ರೂಪಾಯಿ ನೋಂದಣಿ ಶುಲ್ಕ ಕಟ್ಟಿ, ಪ್ರಮಾಣಪತ್ರ ಖಚಿತ ಎಂದು ಮೆಸೇಜ್ ಬಂದಿದೆ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಕಟ್ಟಲೆ? — ಗೋಕಾಕ

ಉತ್ತರ: ಬೇಡ. ಸಂಶೋಧನೆ ಮಾಡುವವರಿಗೆ ಹಣ ಕೊಡುತ್ತಾರೆ, ಅವರಿಂದ ತೆಗೆದುಕೊಳ್ಳುವುದಿಲ್ಲ. ಆ ನಂಬರನ್ನು ಬ್ಲಾಕ್ ಮಾಡಿ, ಆ ಎರಡು ಸಾವಿರದಲ್ಲಿ ಧಾರವಾಡಕ್ಕೆ ಒಮ್ಮೆ ಹೋಗಿ ಗ್ರಂಥಾಲಯದಲ್ಲಿ ಎರಡು ದಿನ ಕೂತು ಬನ್ನಿ.